ಕೂತು ಹಾಕಿಸಿಕೊಂಡ ಹಾರ

ಮದುವೆಯಾಗಿ ಐವತ್ತು ವರ್ಷ ದಾಟಿದ ದಂಪತಿಗಳಿಗೆ ಅಂಕೋಲೆಯಲ್ಲಿ ಸನ್ಮಾನ ಇದೆಯೆಂದು ಮಹಿಳಾ ಮಂಡಳದ ವೀಣಾ ಬೆಳಂಬಾರದ ಮಾದೇವಿಯ ಮನೆಗೆ ಬಂದು ಹೇಳಿಹೋದಳು. ಮಾದೇವಿಗೆ ಖುಷಿಯೇನೂ ಆಗಲಿಲ್ಲ. ನಸುಕಿಗೇ ಎದ್ದು ಮೀನಿನ ಬುಟ್ಟಿ ಕಟ್ಟಿಕೊಂಡು ದಿನಾ ಹೋಗುವುದು ಅದೇ ಅಂಕೋಲೆ ಪೇಟೆಗೆ. ಅವತ್ತು ಮನೆಗೆ ಬಂದು ಸೀರೆ ಬದಲಿಸಿ ಮತ್ತೆ ಅಲ್ಲಿಗೇ ಹೋಗಬೇಕಲ್ಲ ಎಂದುಕೊಂಡಳು.

ಗಂಡ ದೇವಿದಾಸನಿಗೆ ಮಾತ್ರ ಹುರುಪು. ಬಲೆ ಎಳೆದೆಳೆದು ಅವನ ಬಲಗೈ ಭುಜದಲ್ಲೇ ಹಿಡಿದುಕೊಂಡಿತ್ತು. ದೋಣಿ ಹತ್ತುವುದನ್ನು ಬಿಟ್ಟಿದ್ದ. ಅಂಗಿಯನ್ನೂ ಹೆಂಡತಿಯೇ ತೊಡಿಸಬೇಕು. ಮಗ ಕಿಶನ, ಸೊಸೆ ಮನಿಷಾ ಬಿಟ್ಟರೆ ಇದು ಬೇರೆ ಯಾರಿಗೂ ಗೊತ್ತಿರಲಿಲ್ಲ. ವಯಸ್ಸಾಯಿತು, ಸಾಕೆನಿಸಿ ಬಿಟ್ಟೆ ಎಂದೇ ಅವನು ದಂಡೆಯಲ್ಲಿ ಹೇಳಿಕೊಂಡಿದ್ದ.

ಸನ್ಮಾನದ ದಿನ ಅತಿಥಿಗಳು ಬರುವುದು ತಡವಾಯಿತು. ಭಾಷಣಗಳು ಮುಗಿಯುವ ಹೊತ್ತಿಗೆ ಮಾದೇವಿಯ ಸೊಂಟ ಸೆಟೆದುಹೋಗಿತ್ತು. ವೀಣಾ ಎರಡು ಹಾರ ತಂದು, “ಮದುವೆ ದಿನದ ಹಾಗೇ ಒಬ್ಬರಿಗೊಬ್ಬರು ಹಾಕಿ” ಎಂದಳು.

ಮಾದೇವಿ ಹಾಕಿದಳು. ದೇವಿದಾಸನ ಸರದಿ ಬಂದಾಗ ಬಲಗೈ ಎದೆಯ ಮಟ್ಟಕ್ಕೇ ನಿಂತಿತು. ಹಾರ ಅವಳ ಗದ್ದಕ್ಕೆ ತಾಗಿ ಕೆಳಗೆ ಜಾರಿತು. ಸಭೆ ನಕ್ಕಿತು. “ಅಜ್ಜನಿಗೆ ನಾಚಿಕೆ!” ಎಂದು ಯಾರೋ ಕೂಗಿದರು. ಅವನು ಕೈಯನ್ನು ಮತ್ತೊಮ್ಮೆ ಎತ್ತಲು ನೋಡಿದ. ಹಣೆಯ ಮೇಲೆ ಬೆವರೊಡೆಯಿತು. ಬಗ್ಗೋಣವೆಂದರೆ ಮಾದೇವಿಯ ಸೊಂಟ ಕೇಳಲಿಲ್ಲ. ಹಿಂದಿನ ಕುರ್ಚಿಯ ಮೇಲೆ ಧೊಪ್ಪನೆ ಕೂತುಬಿಟ್ಟಳು.

“ಈಗ ಹಾಕಿ” ಎಂದಳು ಗಂಡನಿಗೆ.

ಹಾಕಿದ.

“ಎದ್ದು ನಿಲ್ಲಿ ಮಾದೇವಕ್ಕ, ಒಂದು ಫೋಟೋ” ಎಂದಳು ವೀಣಾ.

“ನಂಗೆ ಏಳೂಕೆ ಆಗೂದಿಲ್ಲ ತಂಗಿ. ಹೀಗೇ ತೆಗಿ.”

ಫೋಟೋ ಆದ ಮೇಲೆ ವೀಣಾ ಮೈಕನ್ನು ದೇವಿದಾಸನತ್ತ ಹಿಡಿದು, ಇಷ್ಟು ವರ್ಷ ಹೇಗೆ ಬಾಳಿದಿರಿ, ಎರಡು ಮಾತು ಹೇಳಿ ಎಂದು ಕೇಳಿದಳು. ಅವನು ಎಡಗೈಯಲ್ಲಿ ಮೈಕು ಹಿಡಿದುಕೊಂಡ.

“ನಾಚಿಕೆ ಅಲ್ಲ ಅದು. ಈ ಕೈ ಎತ್ತೂಕೆ ಬರೂದಿಲ್ಲ ನಂಗೆ. ಈ ಅಂಗಿ ಹಾಕಿದ್ದು ಇವಳು. ದಿನಾ ಇವಳೇ ಹಾಕೂದು, ಪೇಟೆಗೆ ಹೋಗೂ ಮೊದಲು. ಇವಳಿಗೂ ದಣಿವಾಗ್ತದೆ.” ಮೈಕನ್ನು ವಾಪಸು ಕೊಡುತ್ತ, “ಅಷ್ಟೇ” ಎಂದ.

ಚಪ್ಪಾಳೆ ತಡವಾಗಿ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಮಾದೇವಿ ಕೇಳಿದಳು: “ಅಷ್ಟು ಜನರ ಎದುರು ಎಂತಕೆ ಹೇಳಿದ್ರಿ?”

“ಮುಚ್ಚಿ ಮುಚ್ಚಿ ಸಾಕಾಯ್ತು ಮಾರಾಯ್ತಿ. ಕೈ ನೋಡ್ತಾರೆ ಅಂತ ಪೇಟೆಗೂ ಬರದೆ ಕೂತಿದ್ದೆ. ನಾಳೆ ನಾನೂ ಬರ್ತೆ.”

“ಗಂಡಸರಿಗೆ ಎಂತ ಕೆಲಸ ಅಲ್ಲಿ?”

“ನೊಣ ಓಡಿಸ್ತೆ. ಒಂದು ಕೈ ಸಾಕು.”

ನಗುವಷ್ಟೂ ತ್ರಾಣವಿರಲಿಲ್ಲ ಅವಳಿಗೆ. ಕಿಟಕಿಯ ಕಡೆ ಮುಖ ಮಾಡಿದಳು.

ಮರುದಿನ ಅವನು ನಿಜವಾಗಿಯೂ ಬಂದ. ಮೊದಲ ಗಿರಾಕಿ ಚೌಕಾಸಿ ಮಾಡಿದ್ದೇ ತಡ, ಮೇಲೆರಡು ಬಂಗಡೆ ಹಾಕಿ ಕೊಟ್ಟುಬಿಟ್ಟ. ಮಾದೇವಿ ನೋಡಿದಳು, ಬೈಯಲಿಲ್ಲ. ಬುಟ್ಟಿಯ ಹಿಂದೆ ಗೋಣಿಚೀಲ ಹಾಸಿ, ಕಾಲು ಚಾಚಿ ಗೋಡೆಗೆ ಒರಗಿದಳು. ಪಕ್ಕದ ಹೆಂಗಸರು ದೇವಿದಾಸನನ್ನು ಚೇಷ್ಟೆ ಮಾಡತೊಡಗಿದರು. ಅವನು ಎಡಗೈಯಲ್ಲಿ ನೊಣ ಓಡಿಸುತ್ತ ಅವರಿಗೆ ಏನೋ ಉತ್ತರ ಕೊಟ್ಟ. ಅದು ಅವಳಿಗೆ ಕೇಳಿಸಲಿಲ್ಲ. ಆಗಲೇ ನಿದ್ದೆ ಹತ್ತಿತ್ತು.