ನಾಚಿಕೊಂಡ ಪಾದದ ಅಚ್ಚು

ಹಾನಗಲ್ಲಿನಲ್ಲಿ ಕೂತು ಹಿಮದ ಮೇಲೆ ಜಾರುವ ಬೂಟು ಮಾಡುತ್ತೇನೆ ಅಂದರೆ ನಗಬೇಡಿ. ನಗುವವರು ಮೊದಲು ನನ್ನ ಅಂಗಡಿಗೆ ಬಂದು ತಮ್ಮ ಚಪ್ಪಲಿ ತೋರಿಸಲಿ. ಹಿಮ್ಮಡಿ ಒಂದೇ ಕಡೆ ಸವೆದಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ನಾನು ಸುಜಾತಾ. ಪಾದರಕ್ಷೆ ವಿನ್ಯಾಸ ಕಲಿತು ಬಂದು, ಬಸ್ ನಿಲ್ದಾಣದ ಹಿಂದೆ ನಮ್ಮಪ್ಪ ಮೈಲಾರಪ್ಪ ಕೂರುತ್ತಿದ್ದ ಅಂಗಡಿಯಲ್ಲೇ ಶುಗರ್ ಇದ್ದವರಿಗೆ, ಕಾಲು ಸೊಟ್ಟಗಾದವರಿಗೆ ಬೂಟು ಮಾಡಿಕೊಡುತ್ತೇನೆ. ಹಿಮವನ್ನು ಫ್ರಿಜ್ಜಿನೊಳಗೆ ಬಿಟ್ಟರೆ ಬೇರೆಲ್ಲೂ ನೋಡಿಲ್ಲ.

ಐಶ್ವರ್ಯ ನೋಡಿದ್ದಾಳೆ. ಅಡಿಕೆ ವ್ಯಾಪಾರದ ಶಂಭುಲಿಂಗಪ್ಪನವರ ಮಗಳು, ಶಾಲೆಯಲ್ಲಿ ಆಟ ಕಲಿಸುವ ಟೀಚರ್, ನನಗಿಂತ ಹತ್ತು ವರ್ಷ ಚಿಕ್ಕವಳು. ಕಳೆದ ಚಳಿಗಾಲದಲ್ಲಿ ಕಾಶ್ಮೀರದ ಗುಲ್ಮಾರ್ಗಕ್ಕೆ ಸ್ಕೀ ಕಲಿಯಲು ಹೋಗಿ, ಬಾಡಿಗೆ ಬೂಟಿನಲ್ಲಿ ಉಗುರು ಕಪ್ಪಾಗಿಸಿಕೊಂಡು ಶಿಬಿರದ ನಡುವೆಯೇ ವಾಪಸಾದಳು. ಈ ಫೆಬ್ರುವರಿಗೆ ಮತ್ತೆ ಸೀಟು ಸಿಕ್ಕಿದೆ. ಶಾಲೆಯವರು ರಜೆ ಕೊಡುವುದು ಇದೇ ಕೊನೆ, ಅಪ್ಪ ಹ್ಞೂಂ ಅನ್ನುವುದೂ ಇದೇ ಕೊನೆ. ಬೂಟು ಸರಿಯಾಗದಿದ್ದರೆ ಹಿಮದ ಮಾತು ಅಲ್ಲಿಗೆ ಮುಗಿಯಿತು.

ಅಲ್ಲಿಂದ ಒಂದು ಜೊತೆ ಹಳೆಯ ಬೂಟು, ಅದಕ್ಕೆ ಕಟ್ಟುವ ಉದ್ದನೆಯ ಸ್ಕೀ ಹಲಗೆ ಕೊಂಡು ತಂದಿದ್ದಳು. ಬೂಟಿಗೆ ಹೊರಗೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ಮೆತ್ತನೆಯ ಇನ್ನೊಂದು ಬೂಟು. ಆ ಒಳಬೂಟನ್ನು ಹೊಸದಾಗಿ ಮಾಡುವುದು ನನ್ನ ಕೆಲಸ. ನಮ್ಮ ಕಡೆಯ ಕಾಲು ಬರಿಗಾಲಲ್ಲಿ ಬೆಳೆದದ್ದು; ಬೆರಳಿನ ಕಡೆ ಅಗಲ, ಹಿಮ್ಮಡಿ ಸಣ್ಣ. ಅಲ್ಲಿನ ಬೂಟು ಬೆರಳಿಗೆ ಸರಿಹೋದರೆ ಹಿಮ್ಮಡಿ ಒಳಗೇ ಎದ್ದೆದ್ದು ಬೀಳುತ್ತದೆ. ಹಿಮ್ಮಡಿ ಎದ್ದರೆ ಸ್ಕೀ ಹಲಗೆ ಮಾತು ಕೇಳುವುದಿಲ್ಲ. ಬೂಟು ಕಾಲನ್ನು ಕೋಳಿಮರಿ ಹಿಡಿದ ಹಾಗೆ ಹಿಡಿಯಬೇಕು. ಅದು ತಪ್ಪಿಸಿಕೊಳ್ಳಲೂ ಬಾರದು, ಅದಕ್ಕೆ ನೋಯಲೂ ಬಾರದು.

ಪ್ಲಾಸ್ಟರ್ ಪಟ್ಟಿ ಸುತ್ತಿ ಅವಳ ಪಾದಗಳ ಅಚ್ಚು ತೆಗೆದೆ. ನಾನು ಪಾದ ಹಿಡಿದಾಗಲೆಲ್ಲ ಅವಳು ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಯಾರಿಗಾದರೂ ಕಾಲು ತಾಗಿದರೆ ಎಲ್ಲರೂ ಮಾಡುವುದೇ ಅದು, ನಾನು ಗಮನ ಕೊಡಲಿಲ್ಲ.

ಆಮೇಲಿನ ಮಧ್ಯಾಹ್ನಗಳು ಬಹಳ ಚೆನ್ನಾಗಿದ್ದವು. ಊರು ತೂಕಡಿಸುವ ಹೊತ್ತಿಗೆ ಅವಳು ಶಾಲೆ ಮುಗಿಸಿ ಬಂದು ಹಿಮದ ಮಾತು ತೆಗೆಯುತ್ತಿದ್ದಳು. ಅದು ಬೀಳುವಾಗ ಸದ್ದೇ ಇರುವುದಿಲ್ಲವಂತೆ. ಇಳಿಜಾರಿನಲ್ಲಿ ತಿರುಗುವಾಗ ಊರು, ಮನೆ, ಮೈಭಾರ ಎಲ್ಲ ಮರೆತುಹೋಗುತ್ತದಂತೆ. ನಾನು ಕರಿಯ ದಪ್ಪ ಬಟ್ಟೆಗೆ ಮೆತ್ತನೆ ಚರ್ಮ ಹೊಲಿಯುತ್ತಾ ಕೇಳುತ್ತಿದ್ದೆ. ನಿದ್ದೆಗೆ ಕಣ್ಣು ಎಳೆದಾಗ ನಮ್ಮೂರ ಆನೆಕೆರೆಯ ದಂಡೆಯೆಲ್ಲ ಬೆಳ್ಳಗಾಗುತ್ತಿತ್ತು. ಹಾವೇರಿ ಬಸ್ಸಿನ ಟಾಪಿನ ಮೇಲೆ ಹಿಮ, ಕಂಡಕ್ಟರನ ಸೀಟಿಯ ಮೇಲೂ ಹಿಮ. ಬಸ್ಸು ಸದ್ದಿಲ್ಲದೆ ತೇಲಿ ಹೋಗುತ್ತಿತ್ತು. ನನಗೂ ಆ ಹುಚ್ಚು ಹಿಡಿದಿತ್ತು, ಸುಳ್ಳು ಯಾಕೆ ಹೇಳಲಿ.

ಒಳಬೂಟು ಮುಗಿದ ದಿನ ಅಕ್ಕಿ ಗಿರಣಿಯ ಹಿಂದೆ ಹೋದೆವು. ಅಲ್ಲಿ ಭತ್ತದ ಹೊಟ್ಟು ಗುಡ್ಡದಷ್ಟು ಬಿದ್ದಿರುತ್ತದೆ, ಕಾಲಿಟ್ಟರೆ ಜಾರುತ್ತದೆ. ಐಶ್ವರ್ಯ ನೆತ್ತಿಗೆ ಹತ್ತಿ, ಸ್ಕೀ ಕಟ್ಟಿ, ಮೊಣಕಾಲು ಬಾಗಿಸಿ ಬಿಟ್ಟಳು. ಸಂಜೆ ಬಿಸಿಲಿಗೆ ಹೊಟ್ಟು ಹೊನ್ನಿನ ಧೂಳಾಗಿ ಎದ್ದಿತು. ನಾನು ಬಾಯಿ ತೆರೆದುಕೊಂಡು ನಿಂತೆ. ಅರ್ಧ ಇಳಿಯುವಷ್ಟರಲ್ಲಿ ಅವಳು ಮುಖ ಕಿವುಚಿ ಕೂತುಬಿಟ್ಟಳು. ಬೆರಳು ಜಜ್ಜಿದಂತಾಗಿತ್ತು, ಹಿಮ್ಮಡಿ ಮೊದಲಿನಂತೆಯೇ ಎದ್ದಿತ್ತು. ಅವಳು ಕೂತಲ್ಲೇ ಬಕಲ್ಲು ಬಿಚ್ಚತೊಡಗಿದಳು.

ಅಂಗಡಿಗೆ ಬಂದು ಅವಳು ಕಾಲಿಗೆ ಅಂಟಿದ ಹೊಟ್ಟು ತೊಳೆದುಕೊಂಡು ಸಿಮೆಂಟಿನ ನೆಲದ ಮೇಲೆ ನಡೆದಳು. ಒದ್ದೆ ಹೆಜ್ಜೆ ಮೂಡಿತು: ಐದೂ ಬೆರಳು ಬಿಡಿಬಿಡಿಯಾಗಿ, ಪಾದ ನೆಲಕ್ಕೆ ಒರಗಿಕೊಂಡು. ಅಚ್ಚಿನಿಂದ ತೆಗೆದ ಪ್ಲಾಸ್ಟರ್ ಪಾದವನ್ನು ಪಕ್ಕದಲ್ಲಿಟ್ಟೆ. ಅದು ಬೇರೆ ಯಾರದ್ದೋ ಕಾಲು. ಬೆರಳು ಒಳಕ್ಕೆ ಮುದುಡಿವೆ, ಪಾದದ ಬೆನ್ನು ಉಬ್ಬಿದೆ. ಹಾಗಾಗಿ ಬೂಟು ಮುಂದೆ ಗಿಡ್ಡವಾಗಿತ್ತು, ಮೇಲೆ ಸಡಿಲವಾಗಿತ್ತು. ನನ್ನ ಕೈ ತಾಗಿದ ಕೂಡಲೇ ಅವಳ ಕಾಲು ಮುದುಡಿದೆ, ನಾನು ಅದೇ ಮುದುಡಿದ ಕಾಲಿಗೆ ಬೂಟು ಹೊಲಿದಿದ್ದೇನೆ.

ಯಾಕೆ ಮುದುಡಿತು? ನನಗೆ ಥಟ್ಟನೆ ಹೊಳೆದದ್ದು ಒಂದೇ. ನಮ್ಮಪ್ಪ ಇವರ ಮನೆಗೆ ಚಪ್ಪಲಿ ಕೊಡಲು ಹೋದರೆ ಕಟ್ಟೆಯ ಕೆಳಗೇ ನಿಲ್ಲುತ್ತಿದ್ದ. ಮನಸ್ಸಿನಲ್ಲಿಟ್ಟುಕೊಂಡು ನಗುವವಳು ನಾನಲ್ಲ.

"ನನ್ನ ಕೈ ನಿನಗ ಆಗಿಬರೂದಿಲ್ಲಂದ್ರ ಮೊದಲ ಹೇಳಬೇಕಿತ್ತು," ಅಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಣ್ಣು ತುಂಬಿಕೊಂಡಳು.

"ಹಂಗಲ್ರಿ ಅಕ್ಕ. ದೊಡ್ಡವರು ನಮ್ಮ ಕಾಲ ಮುಟ್ಟಿದ್ರ ನಮ್ಮ ಆಯುಷ್ಯ ಕಮ್ಮಿ ಆಗತೈತಿ ಅಂತಾಳ ಅವ್ವ. ನೀವು ನೆಲಕ್ಕ ಕುಂತು ನನ್ನ ಕಾಲ ಹಿಡಿದ್ರ ನನಗ ಜೀವಾನ ಹಿಡಿ ಆಗತೈತಿ."

ಆಟದ ಟೀಚರಿಗೆ ಈ ಭಯ! ನಾನು ನಗಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲಕ್ಕೆ ಕೂತು, ನನ್ನ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಹಣೆ ಹಚ್ಚಿದಳು. ಮೊದಲು ಅವಳು ನನ್ನ ಕಾಲಿಗೆ ಬಿದ್ದು ಆಶೀರ್ವಾದ ಪಡೆದರೆ, ಆಮೇಲೆ ನಾನು ಅವಳ ಕಾಲು ಮುಟ್ಟಿದರೂ ದೋಷವಿಲ್ಲ, ಅದು ಅವಳ ಲೆಕ್ಕ. ಅವಳ ಕೈ ಬೆಚ್ಚಗಿತ್ತು. ಶಂಭುಲಿಂಗಪ್ಪನವರ ಮಗಳ ತೊಡೆಯ ಮೇಲೆ ನನ್ನ ಕಾಲು! ನನ್ನ ಬೆರಳುಗಳೆಲ್ಲ ಒಳಕ್ಕೆ ಮುದುಡಿಬಿಟ್ಟವು. ಅಪ್ಪ ಕಟ್ಟೆಯ ಕೆಳಗೆ ನಿಂತದ್ದು ನನ್ನ ಕಾಲಿನೊಳಗೆ ಇನ್ನೂ ಇತ್ತು.

"ಈಗ ನಿಮ್ಮದೂ ಮುದುಡೇತಲ್ರಿ," ಅಂದಳು ಐಶ್ವರ್ಯ.

ನಾನು ಕಾಲು ಎಳೆದುಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ. ಹೊರಗೆ ಬಸ್ಸುಗಳು ಬಂದು ಹೋದವು. ಎಷ್ಟೋ ಹೊತ್ತಿನ ಮೇಲೆ ನನ್ನ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಆಗ ಅವಳು ಎದ್ದು ಕುರ್ಚಿಯಲ್ಲಿ ಕೂತು ತನ್ನ ಕಾಲು ನನ್ನ ಕಡೆ ಚಾಚಿದಳು. ಹೊಸ ಅಚ್ಚು ತೆಗೆದೆ. ಈ ಸಲ ಅವಳು ಕೈ ಕಣ್ಣಿಗೊತ್ತಿಕೊಳ್ಳಲಿಲ್ಲ.

ಹೊಸ ಒಳಬೂಟಿನಲ್ಲಿ ಬೆರಳಿಗೆ ಜಾಗ ಬಿಟ್ಟು, ಹಿಮ್ಮಡಿಯ ಎರಡೂ ಬದಿಗೆ ಹಗುರ ಬೆಂಡಿನ ತುಂಡು ಕೊಟ್ಟು, ಪಾದದ ಬೆನ್ನ ಮೇಲೆ ಒತ್ತಿ ಹಿಡಿಯಲು ಮೆತ್ತೆ ಕೂರಿಸಿದೆ. ಅವಳು ಹೊರಡುವ ಹಿಂದಿನ ಮಧ್ಯಾಹ್ನ ಬೂಟು ಹಾಕಿಕೊಂಡು, ಬಕಲ್ಲು ಬಿಗಿದು, ಮೊಣಕಾಲು ಮುಂದಕ್ಕೆ ಬಾಗಿಸಿ ಕುರ್ಚಿಯಲ್ಲಿ ಕೂತಳು. ಎಲ್ಲಿ ನೋಯುತ್ತದೆ ನೋಡಿಕೊಂಡು ಹೇಳು ಅಂದೆ. ತಲೆ ಎತ್ತಿ ನೋಡಿದರೆ ನಿದ್ದೆ ಹೋಗಿದ್ದಾಳೆ.

ನಾನು ನೆಲಕ್ಕೆ ಕೂತು ಒಂದು ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಬೂಟಿನ ಜೊತೆಗೇ ಅವಳ ಮೊಣಕಾಲು ಬಂತು. ಒಳಗೆ ಹಿಮ್ಮಡಿ ಒಂದಿಷ್ಟೂ ಏಳಲಿಲ್ಲ. ಅವಳು ನಿದ್ದೆಯಲ್ಲೇ ಒಂದು ಕಡೆ ವಾಲಿದಳು, ಮತ್ತೆ ಇನ್ನೊಂದು ಕಡೆ.

"ಅಕ್ಕ, ಜಾರಾಕತ್ತೇನ್ರಿ," ಅಂದಳು, ಕಣ್ಣು ಮುಚ್ಚಿಕೊಂಡೇ.

"ಜಾರು," ಅಂದೆ. "ನಾ ಹಿಡದೇನಿ."