ಪೇಶಕಾರರ ಹೌದ ಸೋರಿದ್ದು

ಶಹಾಪುರದ ತಹಸೀಲು ಕಚೇರಿಯಲ್ಲಿ ಕಡತ ಮಂಡಿಸುವ ಪೇಶಕಾರ ಬಸವಂತ್ರಾಯರಿಗೆ ಸರ್ಕಾರ ಬದಲಾಗುವುದೆಂದರೆ ತಲೆಯ ಮೇಲಿನದು ಬದಲಾಗುವುದು, ಅಷ್ಟೇ. ನಿಜಾಮರ ಕಾಲದಲ್ಲಿ ಅಲ್ಲಿ ರೂಮಿ ಟೋಪಿ ಇತ್ತು. ಪೊಲೀಸ್ ಕಾರ್ಯಾಚರಣೆ ಮುಗಿದ ವಾರವೇ ಅದು ಜೋಳ ತುಂಬಿಡುವ ಗುಮ್ಮಿಯ ಹಿಂದೆ ಸೇರಿ ಗಾಂಧಿ ಟೋಪಿ ಬಂತು. ಈಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕಾರು ತಿಂಗಳಾಗಿತ್ತು. ರಾಯರು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಜರಿಪೇಟ ಸುತ್ತುವ ಅಭ್ಯಾಸ ನಡೆಸಿದ್ದರು. ಪೇಟ ಇನ್ನೂ ಅವರ ಮಾತು ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು: ಮೈಸೂರು ಕಡೆಯ ಹೊಸ ಸಾಹೇಬರೊಬ್ಬರು ಬೇಸಿಗೆಯಲ್ಲಿ ತಪಾಸಣೆಗೆ ಬರುತ್ತಾರಂತೆ, ಅವರಿಗೆ ತಾವರೆ ಹೂವೆಂದರೆ ಪ್ರಾಣವಂತೆ. ಸುದ್ದಿ ತಂದವನು ಯಾದಗಿರಿ ಸ್ಟೇಷನ್ನಿನಲ್ಲಿ ಯಾರದೋ ಮಾತು ಕೇಳಿಸಿಕೊಂಡು ಬಂದಿದ್ದ ಗುಮಾಸ್ತ. ರಾಯರಿಗೆ ಅಷ್ಟು ಆಧಾರ ಸಾಕಾಯಿತು.

ಅವರ ಹಿತ್ತಿಲಲ್ಲಿ ಅಜ್ಜನ ಕಾಲದ ಒಂದು ಹೌದ ಇತ್ತು. ಕಲ್ಲಿನಲ್ಲಿ ಕಟ್ಟಿ, ಒಳಗೆ ಮೆಟ್ಟಿಲು ಇಳಿಸಿದ್ದ ಚೌಕನೆಯ ಪುಟ್ಟ ಕೊಳ. ಕೆಲವು ವರ್ಷಗಳಿಂದ ಅದರಲ್ಲಿ ನೀರಿಗಿಂತ ಬೇವಿನ ಎಲೆಯೇ ಹೆಚ್ಚು. ರಾಯರು ಅದನ್ನು ತೊಳೆಸಿದರು, ಬಾವಿಯಿಂದ ನೀರು ಸೇದಿಸಿ ಅಂಚಿನವರೆಗೆ ತುಂಬಿಸಿದರು, ತಾವರೆ ಗೆಡ್ಡೆ ತರಲು ಸುರಪುರದ ಕಡೆಗೆ ಜನ ಕಳಿಸಿದರು. ಸಂಜೆ ದಂಡೆಯ ಮೇಲೆ ಕುರ್ಚಿ ಹಾಕಿಸಿ ಕೂತು, ಸಾಹೇಬರು ಯಾವ ಕಡೆ ಮುಖ ಮಾಡಿ ಕೂರಬೇಕು ಎಂದೂ ನಿರ್ಧರಿಸಿದರು.

ಬೆಳಿಗ್ಗೆ ಎದ್ದು ನೋಡಿದರೆ ಹೌದ ಅರ್ಧ ಖಾಲಿ.

"ಬಿಸಲು," ಎಂದರು ರಾಯರು. "ಈ ವರ್ಷ ಬಿಸಲು ಭಾಳ ಅದ. ಸೂರ್ಯ ಕುಡದಾನ."

"ರಾತ್ರಿ ಬಂದು ಕುಡದಾನೇನ್ರಿ?" ಎಂದು ಅವರ ಹೆಂಡತಿ ಕಲ್ಯಾಣಮ್ಮ ಕೇಳಿದಳು.

ರಾಯರು ಹಗಲಿನ ಕಾವು ಕಲ್ಲಿನೊಳಗೆ ನಿಂತು ರಾತ್ರಿ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದರು. ಕಚೇರಿಯಲ್ಲಿ ಇಂಥ ವಿವರಣೆಗೆ ಎಲ್ಲರೂ ತಲೆ ಆಡಿಸುತ್ತಿದ್ದರು. ಕಲ್ಯಾಣಮ್ಮ ಒಳಗೆ ಹೋಗಿ ಒಂದು ಹಿತ್ತಾಳೆ ಪಾತೇಲಿ ತಂದಳು, ಅದನ್ನು ತುಂಬಿಸಿ ಹೌದದ ದಂಡೆಯ ಮೇಲೆ ಅದೇ ಬಿಸಿಲಿಗೆ ಇಟ್ಟಳು. ಹೌದವನ್ನೂ ಮತ್ತೆ ತುಂಬಿಸಿದಳು. ಮರುದಿನ ಪಾತೇಲಿಯ ನೀರು ಬೆರಳಿನ ಅಂಚಿನಷ್ಟೂ ಇಳಿದಿರಲಿಲ್ಲ. ಹೌದ ಮಾತ್ರ ನಿನ್ನೆಯಂತೆಯೇ ಅರ್ಧಕ್ಕೆ ಇಳಿದಿತ್ತು.

"ನಿಮ್ಮ ಸೂರ್ಯಗ ಹಿತ್ತಾಳಿ ಸೇರಂಗಿಲ್ಲಂತ ಕಾಣಸ್ತದ," ಎಂದಳು.

ಹೌದ ಸೋರುತ್ತಿದೆ ಎಂದು ಒಪ್ಪಿಕೊಳ್ಳಲೇಬೇಕಾಯಿತು. ಗೌಂಡಿ ದ್ಯಾವಪ್ಪನನ್ನು ಕರೆಸಿದರು. ಊರಲ್ಲಿ ಸಿಮೆಂಟು ಹೊಸದಾಗಿ ಬಂದಿತ್ತು, ದ್ಯಾವಪ್ಪನಿಗೆ ಅದರ ಮೇಲೆ ಹೊಸ ಮದುವಣಗಿತ್ತಿಯ ಮೇಲಿರುವಷ್ಟು ಮೋಹವಿತ್ತು. ಅವನು ಉಳಿದ ನೀರನ್ನೂ ಎತ್ತಿ ಹಾಕಿಸಿ, ಖಾಲಿ ಹೌದದೊಳಗೆ ಇಳಿದು, ಕರಣಿಯ ಹಿಡಿಯಿಂದ ತಳವನ್ನು ಅಲ್ಲಲ್ಲಿ ಕುಟ್ಟಿ, ನಾಡಿ ನೋಡಿದ ವೈದ್ಯನಂತೆ ಮೇಲೆ ಬಂದ.

"ತಳಾ ಹೋಗ್ಯಾದ್ರಿ ಸಾಹೇಬ್ರ. ತಳಕ್ಕ ಪೂರಾ ಸಿಮೆಂಟು ಬಳದು ಬಿಡ್ತೀನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಒಂದು ಹನಿ ಇಳಿಯಂಗಿಲ್ಲ."

ಬಳಿದ. ಒಣಗಿಸಿದರು. ತುಂಬಿಸಿದರು. ಮೊಮ್ಮಕ್ಕಳ ಕಾಲ ಮರುದಿನ ಬೆಳಿಗ್ಗೆಯೇ ಬಂದುಬಿಟ್ಟಿತು.

ರಾಯರು ದ್ಯಾವಪ್ಪನ ಮೇಲೆ ಕೂಗಾಡಿದರು. ದ್ಯಾವಪ್ಪ ಸಿಮೆಂಟಿನ ಮೇಲೆ ತಪ್ಪು ಹೊರಿಸಿದ. ಸಿಮೆಂಟು ಮಾತಾಡುವಂತಿರಲಿಲ್ಲ. ಗದ್ದಲವೆಲ್ಲ ಮುಗಿದ ಮೇಲೆ ಕಲ್ಯಾಣಮ್ಮ ಹೌದದ ಒಳಕ್ಕೆ ಬೆರಳು ತೋರಿಸಿದಳು.

"ದಿನಾ ನೀರು ಎರಡನೇ ಮೆಟ್ಟಲದ ಕೆಳಗ ಬಂದು ನಿಂದರ್ತದ. ಅದಕ್ಕಿಂತ ಕೆಳಗ ಹೋಗಂಗಿಲ್ಲ. ತಳಾ ಸೋರ್ತಿದ್ದರ ಪೂರಾ ಇಂಗಿ ಹೋಗಬೇಕಿತ್ತಲ್ಲ? ತೂತು ಇದ್ದದ್ದು ಬಾಜೂಕ, ಆ ಮಟ್ಟದಾಗ."

ರಾಯರು ಬಗ್ಗಿ ಮೆಟ್ಟಿಲು ಎಣಿಸಿ, "ಅದನ್ನ ನಾನೂ ಹೇಳಬೇಕಂತಿದ್ದೆ," ಎಂದರು.

ಯಾವ ಬದಿ ಎಂದು ಗೊತ್ತಾಗಬೇಕಿತ್ತು. ಹೌದ ಮತ್ತೆ ತುಂಬಿಸಿ, ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ, ಗಾಳಿ ಇಲ್ಲದ ಹೊತ್ತಿನಲ್ಲಿ ಗೋಡೆಯ ಪಕ್ಕಪಕ್ಕಕ್ಕೆ ಸ್ವಲ್ಪ ಸ್ವಲ್ಪವೇ ಬಿಟ್ಟು ನೋಡೋಣ, ಬಿರುಕು ಇದ್ದ ಕಡೆ ಬಣ್ಣ ಒಳಗೆ ಎಳೆದುಕೊಂಡು ಹೋಗುತ್ತದೆ ಎಂದು ಕಲ್ಯಾಣಮ್ಮ ಹೇಳಿದಳು. ಮೂರು ಬದಿಯಲ್ಲಿ ನೀಲಿ ಹೊಗೆಯಂತೆ ಸುಮ್ಮನೆ ತೇಲಿತು. ಮೂಡಣ ಬದಿಗೆ ಬಿಟ್ಟಾಗ ಸಣ್ಣ ನೂಲಿನ ಹಾಗೆ ನೆಟ್ಟಗಾಗಿ, ಎರಡು ಕಲ್ಲುಗಳ ನಡುವೆ ನುಗ್ಗಿ ಮಾಯವಾಯಿತು.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಹೆಂಡತಿ ಕಂಡುಹಿಡಿದದ್ದನ್ನು ಗಂಡನಾದವನು ಖಾತ್ರಿ ಮಾಡಬೇಡವೇ? ರಾಯರು ಉಳಿದ ನೀಲಿಯನ್ನೆಲ್ಲ ಪಾತ್ರೆ ಬಗ್ಗಿಸಿ ಅಲ್ಲೇ ಸುರಿದರು.

ಸ್ವಲ್ಪ ಹೊತ್ತಿಗೆ ಹಿತ್ತಿಲಿನ ಮೂಡಣ ಗೋಡೆಯಾಚೆಯಿಂದ ಒಂದು ಧ್ವನಿ ಬಂತು.

"ಪೇಶಕಾರ ಸಾಹೇಬ್ರ! ನಮ್ಮ ಕೋಳಿ ಕಾಲೆಲ್ಲ ನೀಲಿ ಆಗ್ಯಾವ. ಇದೇನು ಹೊಸ ಸರ್ಕಾರದ ಹುಕುಮೇನ್ರಿ?"

ಹಿತ್ತಿಲಲ್ಲಿ ಇಬ್ಬರೂ ನಿಂತಲ್ಲೇ ನಿಂತರು. ಆ ಗೋಡೆಯಾಚೆಯಿಂದ ಒಂದು ಮಾತು ಬಂದು ಎಂಟು ವರ್ಷದ ಮೇಲಾಗಿತ್ತು.

ಧ್ವನಿ ಖುರ್ಷೀದಬೇಗಂ ಅವರದು. ಉರ್ದು ಶಾಲೆಯ ಮಾಸ್ತರರಾಗಿದ್ದ ಶರೀಫಸಾಬರ ಹೆಂಡತಿ, ಈಗ ವಿಧವೆ. ಹಿಂದೆ ಎರಡೂ ಹಿತ್ತಿಲುಗಳ ನಡುವೆ ಎದೆಯೆತ್ತರದ ಹಳೆಯ ಗೋಡೆ, ಅದರಲ್ಲೊಂದು ಬಾಗಿಲು ಇತ್ತು. ಸಂಜೆ ಶರೀಫಸಾಬರೂ ರಾಯರೂ ಹೌದದ ದಂಡೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಹೆಂಗಸರು ಅದೇ ನೀರಲ್ಲಿ ಬಟ್ಟೆ ಅದ್ದುತ್ತಿದ್ದರು. ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಊರ ತುಂಬ ಏನೇನೋ ಸುದ್ದಿ ಹಬ್ಬಿದಾಗ ರಾಯರು ಆ ಬಾಗಿಲಿಗೆ ಅಗಳಿ ಹಾಕಿದರು, ಮರುವಾರ ಅದನ್ನು ಮುಚ್ಚಿ ಈ ಬದಿಯಿಂದ ಆಳೆತ್ತರ ಮೀರಿದ ಹೊಸ ಗೋಡೆ ಎಬ್ಬಿಸಿದರು. ಸುರಕ್ಷತೆಗಾಗಿ ಎಂದರು. ಯಾರ ಸುರಕ್ಷತೆ ಎಂದು ಯಾರೂ ಕೇಳಲಿಲ್ಲ, ಕೇಳುವ ಕಾಲವೂ ಆಗಿರಲಿಲ್ಲ. ಎರಡು ವರ್ಷದ ಮೇಲೆ ಶರೀಫಸಾಬರು ಜ್ವರದಲ್ಲಿ ತೀರಿಕೊಂಡಾಗ ರಾಯರು ಊರವರ ಜೊತೆ ಬೀದಿ ಸುತ್ತಿ ಹೋಗಿ ಬಂದಿದ್ದರು.

ಈಗಲೂ ಬೀದಿ ಸುತ್ತಿಯೇ ಹೋಗಬೇಕಾಯಿತು. ಮುಂಬಾಗಿಲಲ್ಲಿ ಕೆಮ್ಮಿದರು. ಬೇಗಂ ಸೆರಗು ಎಳೆದುಕೊಂಡು, "ಬರ್ರಿ. ಹಾದಿ ಮರತಿಲ್ಲಲ್ಲ," ಎಂದು ಹಿತ್ತಿಲಿಗೆ ಕರೆದೊಯ್ದರು.

ರಾಯರು ತಮ್ಮ ನೀರು ಎಲ್ಲಿ ಹೋಗುತ್ತಿತ್ತು ಎಂದು ಕಣ್ಣಾರೆ ಕಂಡರು. ಗೋಡೆಯ ಬುಡದಲ್ಲಿ ಮೆಂತ್ಯೆಪಲ್ಲೆ ದಟ್ಟವಾಗಿ ಎದ್ದಿತ್ತು. ನಿಂಬೆಗಿಡ ಕಾಯಿಭಾರಕ್ಕೆ ಬಾಗಿತ್ತು. ಓಣಿಯೆಲ್ಲ ಒಣಗಿ ಬೂದಿಯಾಗಿದ್ದಾಗ ಈ ಮೂಲೆ ಮಾತ್ರ ಹಸಿರಾಗಿತ್ತು. ಅದರ ನಡುವೆ ನೀಲಿ ಕಾಲಿನ ಎರಡು ಕೋಳಿಗಳು ಗಂಭೀರವಾಗಿ ಓಡಾಡುತ್ತಿದ್ದವು.

"ಇದು ಯಾವಾಗಿಂದ?"

"ಮಳಿ ಆದಾಗೊಮ್ಮೆ ನಿಮ್ಮ ಹೌದ ತುಂಬ್ತದ, ಇಲ್ಲಿ ತೇವ ಬರ್ತದ. ಈಗ ನೀವು ದಿನಾ ತುಂಬಸಾಕತ್ತೀರಿ, ನಮಗ ದಿನಾ ಈದ್."

"ನನಗೊಂದು ಮಾತು ಹೇಳಬಾರದಾಗಿತ್ತೇನ್ರಿ?"

"ಯಾರಿಗಿ ಹೇಳ್ಲಿ? ಇಲ್ಲಿ ಕಾಣೋದು ಗ್ವಾಡಿ ಒಂದೇ. ಗ್ವಾಡಿಗೆ ಹೇಳೀನಿ. ಅದು ಕೇಳಿಸ್ಕೊಂಡು ನೀರು ಕೊಡ್ತು."

ರಾಯರು ಸರ್ಕಾರಿ ಕೆಮ್ಮು ಕೆಮ್ಮಿ ಹೊರಬಂದರು.

ಮರುದಿನ ದ್ಯಾವಪ್ಪ ಗೋಡೆಯ ಬುಡ ಅಗೆದ. ಹೊಸ ಗೋಡೆಗೆ ಪಾಯ ಅನ್ನುವುದೇ ಇರಲಿಲ್ಲ. ಅವಸರದಲ್ಲಿ ಅದನ್ನು ಹೌದದ ಕಲ್ಲಿನ ಹೆಗಲ ಮೇಲೇ ಕೂರಿಸಿದ್ದರು. ಎಂಟು ವರ್ಷದ ಭಾರಕ್ಕೆ ಕೆಳಗಿನ ಒಂದು ಕಲ್ಲು ಒಳಕ್ಕೆ ಸರಿದು ಸಂದು ಬಿಟ್ಟಿತ್ತು.

"ಈ ಗ್ವಾಡಿ ಕಟ್ಟಿದಂವ ಯಾವ ಶಾಣ್ಯಾರೀ?" ಎಂದ ದ್ಯಾವಪ್ಪ. ಆಮೇಲೆ ನೆನಪಾಯಿತು. ಕಟ್ಟಿದವನು ತಾನೇ, ನಿಂತು ಕಟ್ಟಿಸಿದವರು ರಾಯರು. ಇಬ್ಬರೂ ಬೇವಿನ ಮರದ ಕಡೆ ನೋಡಿದರು.

ಕಲ್ಲನ್ನು ಮತ್ತೆ ಸ್ಥಳಕ್ಕೆ ಕೂರಿಸಬೇಕಾದರೆ ಮೇಲಿನ ಗೋಡೆ ಬೀಳಿಸಲೇಬೇಕು. ರಾಯರು ಎರಡು ದಿನ ಯೋಚಿಸಿದರು. ಬೇರೆ ಕಡೆಯಿಂದ ಸಿಮೆಂಟು ತುರುಕಲು ಬರುವುದೇ? ಇಲ್ಲ. ಗೋಡೆಗೆ ಕಂಬ ಕೊಟ್ಟು ಎತ್ತಿ ಹಿಡಿಯಲು ಬರುವುದೇ? ದ್ಯಾವಪ್ಪ ನಕ್ಕ. ಅತ್ತ ಸಾಹೇಬರ ತಪಾಸಣೆ ಹತ್ತಿರವಾಗುತ್ತಿತ್ತು, ಇತ್ತ ತಾವರೆ ಗೆಡ್ಡೆ ಬಕೆಟ್ಟಿನಲ್ಲಿ ಕೊಳೆಯುತ್ತಿತ್ತು. ಕೊನೆಗೆ, "ಎಷ್ಟು ಬೇಕೋ ಅಷ್ಟೇ ಕೆಡವು. ಒಂದು ಕಲ್ಲು ಹೆಚ್ಚಾಗಬಾರದು," ಎಂದು ಅಪ್ಪಣೆಯಾಯಿತು.

ಬೇಕಾದಷ್ಟು ಕೆಡವಿದ ಮೇಲೆ, ಗೆದ್ದಲು ತಿಂದು ಕದ ಉದುರಿ, ಹಳೆಯ ಬಾಗಿಲಿನ ಚೌಕಟ್ಟು ಮಾತ್ರ ಓರೆಯಾಗಿ ನಿಂತದ್ದು ಕಾಣಿಸಿತು. ಆಚೆ ಬದಿಗೆ ಬೇಗಂ ಹಗ್ಗದ ಹೊರಸು ಹಾಕಿಕೊಂಡು, ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಕೆಲಸ ನೋಡಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ದ್ಯಾವಪ್ಪ ಸಂದಿಗೆ ಕರಿಮಣ್ಣು ತುಂಬಲು ಹೊರಟ. "ಏ, ಅದು ಬ್ಯಾಸಗ್ಯಾಗ ಬಿರಿತದ!" ಎಂದು ಇಬ್ಬರು ಹೆಂಗಸರೂ ಒಟ್ಟಿಗೇ ಕೂಗಿದರು. ಕೂಗಿ, ಒಬ್ಬರ ಮುಖ ಒಬ್ಬರು ನೋಡಿದರು. ಕಲ್ಯಾಣಮ್ಮನ ಕಣ್ಣು ತುಂಬಿತು. "ಆಪಾ, ಭಾಳ ಸೊರಗಿದೀರಿ," ಎಂದಳು. "ನೀ ಎರಡೂ ಪಾಲು ಉಂಡು ದಪ್ಪ ಆಗೀಯಲ್ಲ, ಲೆಕ್ಕ ಸರಿ ಆತು," ಎಂದರು ಬೇಗಂ.

ಸಂದಿನ ಹಳೆಯ ಮಣ್ಣನ್ನೆಲ್ಲ ಕೆರೆದು ತೆಗೆದರು. ಸರಿದ ಕಲ್ಲನ್ನು ಹಾರೆ ಹಾಕಿ ಸ್ಥಳಕ್ಕೆ ನೂಕಿದರು. ಸುಣ್ಣ, ಉಸುಕು, ಬೆಲ್ಲದ ನೀರು ಸೇರಿಸಿ ಅರೆದ ಗಚ್ಚನ್ನು ಸಂದಿಯೊಳಕ್ಕೆ ಬಿಗಿಯಾಗಿ ಒತ್ತಿದರು. ಅದು ಬಿಸಿಲಿಗೆ ಬೇಗ ಒಣಗಿ ಸೀಳಬಾರದೆಂದು ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದರು. ಬೆಲ್ಲದ ವಾಸನೆಗೆ ಇರುವೆ ಸಾಲುಗಟ್ಟಿದವು. ತಟ್ಟಿಗೆ ಆಗಾಗ ನೀರು ಚಿಮುಕಿಸುವ, ಇರುವೆ ಓಡಿಸುವ ಕೆಲಸವನ್ನು ರಾಯರೇ ವಹಿಸಿಕೊಂಡರು. ಅದಕ್ಕೆ ಪೇಟ ಬೇಕಾಗಿರಲಿಲ್ಲ.

ಹಾಗೆ ಒಂದು ಮಧ್ಯಾಹ್ನ ತಟ್ಟು ತೋಯಿಸುತ್ತಿದ್ದಾಗ ಆಚೆ ಹೊರಸಿನ ಮೇಲೆ ಬೇಗಂ ಒಬ್ಬರೇ ಇದ್ದರು. ರಾಯರು ತಲೆ ಎತ್ತದೆಯೇ ಹೇಳಿದರು:

"ಆವತ್ತು ನಾ ಭಾಳ ಅಂಜಿದ್ದೆ ಭಾಬಿ."

ಬೇಗಂ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಗೊತ್ತದ. ನಾವೂ ಅಂಜಿದ್ದಿವಿ. ನಾವು ಬಾಗಲಾ ಬಡದಿವಿ, ನೀವು ಗ್ವಾಡಿ ಕಟ್ಟಿದ್ರಿ."

ರಾಯರು ತಂಬಿಗೆಯ ನೀರು ಖಾಲಿಯಾದ ಮೇಲೂ ಅದನ್ನು ಬಗ್ಗಿಸಿಕೊಂಡೇ ಕೂತಿದ್ದರು.

"ಮಾಸ್ತರ್ರು ಏನರೆ ಅಂದಿದ್ರೇನು?" ಎಂದು ಕೇಳಿದರು.

"ಬಸವಂತನ ಕೈ ಗ್ವಾಡಿ ಕೆಲಸಕ್ಕ ಬರೋದಲ್ಲ, ನೆಟ್ಟಗ ನಿಂದರಂಗಿಲ್ಲ ಅಂದಿದ್ದರು," ಎಂದ ಬೇಗಂ ನಗಲು ಹೋಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ಒಳಗೆ ಹೋದರು. ರಾಯರು ತಂಬಿಗೆ ತುಂಬಿಕೊಂಡು ಬಂದು ಗೋಣಿತಟ್ಟನ್ನು ಮತ್ತೊಮ್ಮೆ, ಅಗತ್ಯಕ್ಕಿಂತ ಹೆಚ್ಚಾಗಿಯೇ ತೋಯಿಸಿದರು.

ಗಚ್ಚು ಗಟ್ಟಿಯಾದ ಮೇಲೆ ಒಮ್ಮೆಲೇ ತುಂಬಿಸದೆ, ದಿನಾ ಒಂದೊಂದು ಮೆಟ್ಟಿಲು ಏರಿಸುತ್ತ ನೀರು ಬಿಟ್ಟರು. ಎರಡನೇ ಮೆಟ್ಟಿಲು ದಾಟಿತು, ನಿಂತಿತು. ಕೊನೆಗೆ ಅಂಚು ಮುಟ್ಟಿಸಿದ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನೀರು ಇದ್ದಲ್ಲೇ ಇತ್ತು. ರಾಯರು ಕಲ್ಯಾಣಮ್ಮನನ್ನು ಕೂಗಿ ಕರೆದರು. "ನೋಡು, ನಾ ಹೇಳಿದ್ದಿಲ್ಲೇನು?" ಎಂದರು. ಏನು ಹೇಳಿದ್ದರು ಎಂದು ಅವಳು ಕೇಳಲಿಲ್ಲ.

ಸಾಹೇಬರು ಬಂದರು. ಹಿತ್ತಿಲಿಗೆ ಬಂದು ಕುರ್ಚಿಯಲ್ಲಿ, ಸರಿಯಾದ ಕಡೆಗೇ ಮುಖ ಮಾಡಿ ಕೂತರು. ಕೊಳೆಯದೆ ಉಳಿದ ಗೆಡ್ಡೆ ನೆಟ್ಟಿದ್ದರೂ ತಾವರೆ ಹೂ ಬಿಟ್ಟಿರಲಿಲ್ಲ, ಎರಡು ಎಲೆ ಮಾತ್ರ ತೇಲುತ್ತಿದ್ದವು. ಸಾಹೇಬರು ಕೊಳವನ್ನೇ ದಿಟ್ಟಿಸಿದರು. ರಾಯರ ಎದೆ ಹಿಗ್ಗಿತು, ಪೇಟ ಒಂದು ಬದಿಗೆ ಜಾರಿತು.

"ಏನ್ರೀ ಇದು, ನೀರು ಹೀಗೆ ನಿಲ್ಸಿದ್ದೀರಲ್ಲ? ಸೊಳ್ಳೆ ಆಗುತ್ತೆ, ಮಲೇರಿಯಾ ಬರುತ್ತೆ. ಖಾಲಿ ಮಾಡ್ಸಿಬಿಡಿ," ಎಂದರು ಸಾಹೇಬರು.

"ಆಗಲಿ... ಆದ್ರ ತಾವರಿ..." ಎಂದು ರಾಯರು ತೊದಲಿದರು.

"ತಾವರೆಯೇ? ತಾವರೆಕೆರೆ ನಮ್ಮೂರು. ನಿಮಗೆ ಹೇಗೆ ಗೊತ್ತು?" ಎಂದು ಸಾಹೇಬರು ಸಂತೋಷಪಟ್ಟು, ಚಹಾ ಮುಗಿಸಿ ಜೀಪು ಹತ್ತಿದರು.

ರಾಯರು ದಂಡೆಯ ಮೇಲೆ ಕೂತುಬಿಟ್ಟರು. ಹುಕುಮೆಂದರೆ ಹುಕುಮು. ಅವರು ಆಯುಷ್ಯದಲ್ಲಿ ಒಂದನ್ನೂ ಮೀರಿದವರಲ್ಲ. ಅಷ್ಟರಲ್ಲಿ ಬೇಗಂ ಓರೆ ಚೌಕಟ್ಟನ್ನು ದಾಟಿ ಈಚೆ ಬಂದು, ಕಲ್ಯಾಣಮ್ಮನ ಪಕ್ಕ ನಿಂತರು.

"ಖಾಲಿ ಮಾಡ್ತೀರೇನು?"

"ಸಾಹೇಬ್ರು ಅಂದಾರಲ್ರಿ."

"ಸಾಹೇಬ್ರು ಜೀಪಿನ್ಯಾಗ ಹೋದ್ರು. ನನ್ನ ನಿಂಬಿಗಿಡ ಇಲ್ಲೇ ಅದ. ಸೋರೋದು ಬಂದ್ ಮಾಡಿದ ಮ್ಯಾಲ ಅದು ಬಾಡಾಕತ್ತದ. ಅದಕ್ಯಾರು ನೀರು ಹಾಕೋರು?"

"ಸೊಳ್ಳಿ ಆಗ್ತಾವಂತ..."

"ತಿಂಥಣಿ ಹೊಳಿಯಿಂದ ಸಣ್ಣ ಮೀನು ತರಸ್ರಿ. ಹುಳಾ ತಿಂದು ಹಾಕ್ತಾವ."

ರಾಯರು ಹೆಂಡತಿಯ ಕಡೆ ನೋಡಿದರು. ಲಿಂಗವಂತರ ಮನೆಯಲ್ಲಿ ಮೀನು! "ಸಾಕಬೇಕ್ರಿ, ತಿನ್ನಬೇಕಂತ ಯಾರಂದ್ರು?" ಎಂದಳು ಕಲ್ಯಾಣಮ್ಮ. ರಾಯರು ಪೇಟ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ ಎದ್ದು ಕೊಡ ತುಂಬಿ, ಹೌದದ ದಂಡೆ ದಾಟಿ ಆಚೆ ಹಿತ್ತಿಲಿಗೆ ಹೊರಟರು.

ಮೀನು ಬಂದವು. ಗೋಡೆ ಮತ್ತೆ ಕಟ್ಟುವುದು ಯಾವಾಗ ಎಂದು ದ್ಯಾವಪ್ಪ ಬಂದಾಗೆಲ್ಲ ಕೇಳುತ್ತಿದ್ದ. "ಸಿಮೆಂಟು ಸಿಗವಲ್ದು," ಎನ್ನುತ್ತಿದ್ದರು ರಾಯರು. ಪೇಟೆಯ ಅಂಗಡಿಯ ಮುಂದೆ ಸಿಮೆಂಟಿನ ಚೀಲಗಳು ಮಾಳಿಗೆ ಮುಟ್ಟುವಷ್ಟು ಒಟ್ಟಿದ್ದವು, ಕಚೇರಿಗೆ ಹೋಗುವಾಗ ರಾಯರು ದಿನಾ ಅವುಗಳ ಪಕ್ಕದಲ್ಲೇ ಹಾದು ಹೋಗುತ್ತಿದ್ದರು.