ಐದು ಹುಳದ ಕರಾರು

ಆಮೆಗೆ ‘ಮಾವ’ ಎಂದು ಹೆಸರಿಟ್ಟವಳು ಆ ಮನೆಯ ಸೊಸೆಯೇ. ದರ್ಜಿಯಾದ ಆಕೆ ಮದುವೆಯಾಗಿ ಬಂದ ದಿನ ಆ ಪ್ರಾಣಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಕುಳಿತು, ಕತ್ತು ಚಾಚಿ, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತೃಪ್ತಿಯಾಗದವರಂತೆ ತಲೆಯನ್ನು ಒಳಗೆಳೆದುಕೊಂಡಿತ್ತು. ಗಂಡನ ತಂದೆ ಎಂದೋ ತೀರಿಕೊಂಡಿದ್ದರಿಂದ ಆ ಪದವಿಯೂ ಖಾಲಿಯಿತ್ತು. ಹದಿನೆಂಟು ವರ್ಷ ಅವಳು ಮಾವನ ಸೇವೆ ಮಾಡಿದ್ದಳು. ಮಾವ ಒಂದು ದಿನವೂ ಉಪ್ಪು ಕಡಿಮೆಯೆಂದು ಮುಖ ಸಿಂಡರಿಸಿರಲಿಲ್ಲ.

ಅವರು ಬಾಡಿಗೆಗಿದ್ದ ಮನೆಯ ಮುಂದಿನ ಹುಲ್ಲುಹಾಸೇ ಮಾವನ ಊಟದ ಎಲೆ. ಅದೇ ಹುಲ್ಲುಹಾಸು ಮಹಡಿಯ ಮೇಲಿದ್ದ ಮನೆ ಮಾಲೀಕರ ಜೀವವೂ ಆಗಿತ್ತು. ಹೊಲಗದ್ದೆ ಅಳೆಯುವ ಮೋಜಣಿದಾರರಾಗಿದ್ದು ನಿವೃತ್ತರಾದ ಅವರು ದಿನವೂ ಬೆಳಿಗ್ಗೆ ಅದರ ಅಂಚನ್ನು ಕತ್ತರಿಯಿಂದ ನೇರ ಮಾಡುತ್ತಿದ್ದರು. ಈ ವರ್ಷ ಅಲ್ಲಲ್ಲಿ ಹಳದಿ ತೇಪೆಗಳು ಕಾಣಿಸಿದವು. ಕೈಹಾಕಿ ಎಳೆದರೆ ಹುಲ್ಲು ಹಳೆಯ ಚಾಪೆಯಂತೆ ಎದ್ದುಬಂತು; ಅಡಿಯಲ್ಲಿ ಬೂದು ಬಣ್ಣದ ಹುಳಗಳು ಬೇರುಗಳನ್ನು ಮೇಯುತ್ತಿದ್ದವು. ಅವರು ಅಂದೇ ಹೋಗಿ ವಿಷದ ಡಬ್ಬಿ ತಂದರು.

“ಅದನ್ನ ಸಿಂಪಡಿಸಿದ್ರೆ ನಮ್ಮ ಮಾವ ಹುಲ್ಲು ತಿಂದು ಸಾಯ್ತಾನೆ, ಸಾರ್!”

“ಹಾಗಾದ್ರೆ ನಿಮ್ಮ ಮಾವನ್ನ ಬೇರೆ ಎಲ್ಲಾದ್ರೂ ಬಿಟ್ಟು ಬಾಮ್ಮ.”

“ಹಿರಿಯರನ್ನ ಮನೆಯಿಂದ ಆಚೆ ಹಾಕಿದೋಳು ಅನ್ನೋ ಹೆಸರು ನಂಗೆ ಬೇಡ.”

ಮೋಜಣಿದಾರರು ಬಂದ ನಗುವನ್ನು ಮೀಸೆಯಡಿಯಲ್ಲೇ ತಡೆದು ಕರಾರು ಹಾಕಿದರು. ಮೂರು ವಾರ ಗಡುವು. ಕೊನೆಯ ಭಾನುವಾರ ತಾವು ತೋರಿಸಿದ ಜಾಗದಲ್ಲಿ ಒಂದು ಚದರ ಅಡಿ ಅಗೆಯುವುದು. ಐದು ಹುಳದವರೆಗೆ ಮಾಫಿ. ಹೆಚ್ಚಾದರೆ ಹುಲ್ಲಿಗೆ ವಿಷ, ಮಾವನಿಗೆ ವನವಾಸ.

ದರ್ಜಿ ಸಸ್ಯಗಳ ಅಂಗಡಿಗೆ ಓಡಿದಳು. ಅಂಗಡಿಯಾಕೆ ತಣ್ಣನೆಯ ಪೆಟ್ಟಿಗೆಯಿಂದ ತಿಳಿಬಣ್ಣದ ಪುಡಿಯ ಪೊಟ್ಟಣ ತೆಗೆದಳು. “ಇದರಲ್ಲಿ ಕಣ್ಣಿಗೆ ಕಾಣದ ಜಂತುಗಳಿವೆ. ನೀರಲ್ಲಿ ಕಲಸಿ ಸಂಜೆ ಹೊತ್ತು ಹಾಕಿ. ಆ ಹುಳದ ಹೊಟ್ಟೆ ಹೊಕ್ಕು ಅದನ್ನೇ ಮುಗಿಸ್ತವೆ. ಆಮೆ ತಂಟೆಗೆ ಬರಲ್ಲ. ಹಾಕೋವರೆಗೂ ಫ್ರಿಜ್‌ನಲ್ಲಿಡಿ, ಮರೀಬೇಡಿ.”

ಮರೆಯಲಿಲ್ಲ. ಆದರೆ ಬಾಯಿ ತೆರೆದ ಯಾವ ಚೀಲ ಕಂಡರೂ ಕಟ್ಟಿಬಿಡುವುದು ಅವಳ ಚಟ. ಪುಡಿಯನ್ನು ಪುಟ್ಟ ಚೀಲಕ್ಕೆ ಸುರಿದು ನೀಲಿ ದಾರ ಕಟ್ಟಿದಳು. ಫ್ರಿಜ್ಜಿನಲ್ಲಿ ಅದರ ಪಕ್ಕ ಬಾಯಿ ತೆರೆದಿದ್ದ ಇನ್ನೊಂದು ಚೀಲಕ್ಕೂ ಕೈ ತಡೆಯದೆ ಅದೇ ದಾರ ಕಟ್ಟಿದಳು. ಅದು ಬ್ರೆಡ್ ಮಾಡುವ ಗಂಡ ಹಿಟ್ಟು ಉಬ್ಬಿಸಲು ಇಟ್ಟಿದ್ದ ಈಸ್ಟ್.

ಮರುದಿನ ಸಂಜೆ ಅವಳು ಒಂದು ಚೀಲವನ್ನು ನೀರಲ್ಲಿ ಕಲಸಿ ಹುಲ್ಲಿಗೆ ಹಾಕಿದಳು; ಇನ್ನೊಂದನ್ನು ಗಂಡ ನಸುಕಿನಲ್ಲಿ ಬೇಕರಿಗೆ ಒಯ್ದ. ಬೆಳಿಗ್ಗೆ ಬೇಕರಿಯಿಂದ ಗಂಡನ ಫೋನು.

“ಲೇ, ಹಿಟ್ಟು ಸತ್ತುಬಿಟ್ಟಿದೆ ಕಣೇ! ಎರಡು ಗಂಟೆಯಾಯ್ತು, ಎದ್ದೇಳ್ತಾನೇ ಇಲ್ಲ. ನೀನು ಹುಲ್ಲಿಗೆ ಹಾಕಿದ್ದು ಏನೇ?”

ಅವಳು ಕಿಟಕಿಯಾಚೆ ನೋಡಿದಳು. ಮೋಜಣಿದಾರರು ಹುಲ್ಲಿನ ನಡುವೆ ನಿಂತು ಮೂಗರಳಿಸುತ್ತಿದ್ದರು. “ಏನಮ್ಮ, ಅಂಗಳದಲ್ಲೇ ಬೇಕರಿ ಇಟ್ಟಹಾಗೆ ವಾಸನೆ?”

“ಅದನ್ನ ಒಲೆಗೆ ಮಾತ್ರ ಹಾಕಬೇಡಿ ರೀ!” ಎಂದು ಅವಳು ಫೋನಿನಲ್ಲಿ ಪಿಸುಗುಟ್ಟಿದಳು. ಅಂದು ಬೇಕರಿಯಲ್ಲಿ ಬ್ರೆಡ್ ಇರಲಿಲ್ಲ. ಹಿಟ್ಟೆಲ್ಲ ತಿಪ್ಪೆಗೆ ಹೋಯಿತು. ಮುಂದಿನ ಪೊಟ್ಟಣ ಬರುವುದು ಗಡುವು ಮುಗಿದ ಮೇಲೆ ಎಂದಳು ಅಂಗಡಿಯಾಕೆ. ದರ್ಜಿಯ ಮುಖ ಹುಳ್ಳಗಾದದ್ದನ್ನು ಕಂಡು ದನಿ ಇಳಿಸಿ, “ಒಂದು ಹಳೇ ಉಪಾಯ ಇದೆ, ಬೆನ್ನು ಗಟ್ಟಿ ಇದ್ರೆ. ಸಂಜೆ ಹುಲ್ಲಿಗೆ ಚೆನ್ನಾಗಿ ನೀರು ಬಿಟ್ಟು ಕಪ್ಪು ಹೊದಿಕೆ ಹೊದಿಸಿ. ಆ ಹುಳ ಮೇಲೆ ಬರ್ತವೆ. ಬೆಳಿಗ್ಗೆ ಹೊದಿಕೆ ಎತ್ತಿ, ಹಕ್ಕಿಗಳನ್ನ ಕರೀರಿ,” ಎಂದಳು.

ಗಂಡ ಹೊದಿಕೆಗಳನ್ನು ತಂದ, ಹೆಂಡತಿ ಅವುಗಳನ್ನು ಹೊಲಿದು ಒಂದು ಮಾಡಿದಳು. ಮಾವನನ್ನು ಹೊಲಿಗೆ ಯಂತ್ರದ ಕೆಳಗೆ ಗೃಹಬಂಧನದಲ್ಲಿಟ್ಟರು. ಮೊದಲ ಬೆಳಿಗ್ಗೆ ಹೊದಿಕೆ ಸರಿಸಿದಾಗ ಹುಲ್ಲಿನ ಮೇಲೆ ಹುಳಗಳು ಹೊರಳಾಡುತ್ತಿದ್ದವು. ಗೊರವಂಕಗಳು ಬಂದವು, ನೆಂಟರಿಷ್ಟರನ್ನೂ ಕರೆತಂದವು. ಉಳಿದ ಹುಳಗಳನ್ನು ಗಂಡಹೆಂಡಿರು ಮೊಣಕಾಲೂರಿ ಬಕೆಟ್ಟಿಗೆ ಆಯ್ದರು. ಹೀಗೆ ಹನ್ನೊಂದು ಬೆಳಗು ಕಳೆಯಿತು.

ಭಾನುವಾರ ಮೋಜಣಿದಾರರು ಟೇಪು, ನಾಲ್ಕು ಗೂಟ, ದಾರ ಹಿಡಿದು ಇಳಿದರು. ಎಲ್ಲಕ್ಕಿಂತ ಹಳದಿಯಾದ ತೇಪೆಯನ್ನೇ ಆರಿಸಿ ದಾರದ ಚೌಕ ಬಿಗಿದರು. ದಾರ ಅಲುಗದಂತೆ ಸಲಿಕೆಯಿಂದ ಹುಲ್ಲಿನ ಪದರ ಎತ್ತಿದರು.

“ಒಂದು... ಎರಡು... ಮೂರು...” ನಾಲ್ಕಾಯಿತು, ಐದಾಯಿತು. ಮೋಜಣಿದಾರರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, “ಇಲ್ಲೊಂದು ಇದೆಯಲ್ಲ,” ಎಂದರು.

ಆರನೆಯ ಹುಳ ದಾರದ ಕೆಳಗೆ ಅಡ್ಡಲಾಗಿ ಬಿದ್ದಿತ್ತು. ಅರ್ಧ ಒಳಗೆ, ಅರ್ಧ ಹೊರಗೆ.

“ಐದೂವರೆ,” ಎಂದರು ಅವರು. “ಐದಕ್ಕಿಂತ ಹೆಚ್ಚೇ ಆಯ್ತು.”

“ಅದೆಂಗೆ ಸಾರ್? ಹೊಲಿಗೆ ಗೆರೆಯಿಂದ ಆಚೆ ಉಳಿದ ಬಟ್ಟೆ ಅಳತೆಗೆ ಸೇರುತ್ತಾ? ಹಾಗೆ ಸೇರಿಸಿದ್ರೆ ಊರಿನವರೆಲ್ಲ ಜೋಲುವ ಅಂಗಿ ಹಾಕ್ಕೊಂಡು ಓಡಾಡಬೇಕು!”

“ಒಳಗಿರೋ ಅರ್ಧದ ಮಾತೇನು?”

“ಎರಡು ಹೊಲದ ಗಡಿ ಮೇಲೆ ಮನೆ ಇದ್ರೆ ನೀವು ಯಾರ ಲೆಕ್ಕಕ್ಕೆ ಬರೀತಿದ್ರಿ?”

ಮೋಜಣಿದಾರರು ಸಲಿಕೆಯನ್ನು ನೆಲಕ್ಕೂರಿ ಯೋಚಿಸಿದರು. ನಲವತ್ತು ವರ್ಷದ ಕಸುಬು. ಸುಳ್ಳು ಹೇಳಲು ನಾಲಿಗೆ ಹೊರಳದು. “ಮುಂಬಾಗಿಲು ಯಾವ ಕಡೆಗಿದೆಯೋ ಆ ಕಡೆಗೆ.”

“ಹಾಗಾದ್ರೆ ನೋಡಿ, ಇವನ ಬಾಯಿ ಯಾವ ಕಡೆಗಿದೆ?”

ಪಕ್ಕದಲ್ಲಿದ್ದ ಗಂಡನೂ ಸೇರಿ ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಹುಳದ ತಲೆ ಯಾವುದು, ಬಾಲ ಯಾವುದು ಎಂಬ ಬಗ್ಗೆ ಸುಮಾರು ಹೊತ್ತು ವಾದವಾಯಿತು. ಕೊನೆಗೆ ಹುಳವೇ ಬೇಸತ್ತು ತೆವಳಿತು, ಹೊರಗಿನ ಕಡೆಗೆ.

“ಬಾಗಿಲು ಆಚೆಗೆ,” ಎಂದು ಮೋಜಣಿದಾರರು ಗಂಭೀರವಾಗಿ ತೀರ್ಪಿತ್ತರು. “ಐದೇ. ವಿಷದ ಡಬ್ಬಿ ನಾಳೆ ಅಂಗಡಿಗೆ ವಾಪಸ್ಸು.” ಆಮೇಲೆ ಮೀಸೆ ಸೋತಿತು, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ದರ್ಜಿ ಮಾವನನ್ನು ಎತ್ತಿ ತಂದು ಹುಲ್ಲಿನ ಮೇಲೆ ಇಳಿಸಿದಳು. ಮಾವ ಕತ್ತು ಚಾಚಿ, ಅತ್ತಿತ್ತ ನೋಡಿ, ಮೋಜಣಿದಾರರು ಆ ಬೆಳಿಗ್ಗೆಯಷ್ಟೇ ನೇರ ಮಾಡಿದ್ದ ಅಂಚಿನತ್ತ ಸಾವಕಾಶವಾಗಿ ಹೊರಟ.

“ಅಮ್ಮಾ, ಆ ಅಂಚು ಮಾತ್ರ ತಿನ್ನಬೇಡಿ ಅಂತ ನಿಮ್ಮ ಮಾವನೋರಿಗೆ ಹೇಳಿ!”

“ನೀವೇ ಹೇಳಿ ಸಾರ್. ಸೊಸೆ ಮಾತು ಯಾವ ಮಾವ ಕೇಳಿದಾನೆ?”